ಲಂಡನ್ ಮೇಯರ್ ಮುಂದೆ ನಿಮ್ಮ ಪ್ರಶ್ನೆ: ಇಲ್ಲಿ ನೆಲೆಸಿದ ಕನ್ನಡಿಗರಿಗೊಂದು ಮಾರ್ಗದರ್ಶಿ

ವರ್ಷಕ್ಕೆ ಹತ್ತು ಬಾರಿ, ಸಾಮಾನ್ಯವಾಗಿ ಗುರುವಾರ ಬೆಳಿಗ್ಗೆ, ಲಂಡನ್ ಮೇಯರ್, ತಮ್ಮ ಕೆಲಸವನ್ನು ಪರಿಶೀಲಿಸಲು ಜನರು ಆರಿಸಿದ ಲಂಡನ್ ಅಸೆಂಬ್ಲಿಯ 25 ಸದಸ್ಯರ ಮುಂದೆ ಕುಳಿತು ಉತ್ತರ ಕೊಡಬೇಕು. ಬರುವುದೂ ಬಿಡುವುದೂ ಅವರ ಇಷ್ಟಕ್ಕೆ ಸೇರಿದ್ದಲ್ಲ. 1999ರ ಗ್ರೇಟರ್ ಲಂಡನ್ ಅಥಾರಿಟಿ ಕಾಯ್ದೆ ಅದನ್ನು ಕಡ್ಡಾಯ ಮಾಡಿದೆ. ಬಸ್ ದರ, ಪೊಲೀಸ್ ಸಿಬ್ಬಂದಿ, ಕೈಗೆಟಕುವ ಬೆಲೆಯ ಮನೆಗಳು, ಗಾಳಿಯ ಗುಣಮಟ್ಟ, ಅಗ್ನಿಶಾಮಕ ಠಾಣೆಗಳು ಎಲ್ಲವೂ ಅಲ್ಲಿ ಚರ್ಚೆಗೆ ಬರುತ್ತವೆ. ‘ಮೇಯರ್ಸ್ ಕ್ವೆಶ್ಚನ್ ಟೈಮ್’ ಎಂಬುದು ಈ ಕಲಾಪದ ಹೆಸರು.

ನಮ್ಮವರಲ್ಲಿ ಬಹಳ ಮಂದಿಗೆ ಇದು ಮೊಬೈಲ್‌ನಲ್ಲಿ ಹರಿದಾಡುವ ಅರ್ಧ ನಿಮಿಷದ ವಾಗ್ವಾದವಾಗಿ ಮಾತ್ರ ಗೊತ್ತು. ಯಾರೋ ಸದಸ್ಯರು ಗದರಿದರು, ಮೇಯರ್ ಸಿಡುಕಿದರು, ಅಷ್ಟೇ. ಆದರೆ ಈ ವ್ಯವಸ್ಥೆಯಲ್ಲಿ ಜನಸಾಮಾನ್ಯರಿಗೆ ನಿಜವಾಗಿ ಉಪಯೋಗಕ್ಕೆ ಬರುವುದು ಸಭೆಯ ನಂತರ ಪ್ರಕಟವಾಗುವ ಲಿಖಿತ ಉತ್ತರಗಳು. ನಿಮ್ಮ ಬೀದಿಯ ಬಸ್ಸಿನ ಬಗ್ಗೆ, ನಿಮ್ಮ ನಿಲ್ದಾಣದ ಲಿಫ್ಟಿನ ಬಗ್ಗೆ ಮೇಯರ್ ಹೆಸರಿನಲ್ಲಿ ಒಂದು ಉತ್ತರ ದಾಖಲೆಯಾಗಿ ಉಳಿಯುವಂತೆ ಮಾಡಿಕೊಳ್ಳಲು ಸಾಧ್ಯವಿದೆ, ಅದಕ್ಕೆ ಒಂದು ಪೈಸೆಯೂ ಖರ್ಚಾಗುವುದಿಲ್ಲ. ಅದನ್ನು ಮಾಡುವ ದಾರಿಯನ್ನು ಮುಂದೆ ಹೇಳಿದ್ದೇನೆ.

ಯಾವ ಮೇಯರ್?

ಲಂಡನ್‌ನಲ್ಲಿ ಮೇಯರ್ ಎನ್ನಿಸಿಕೊಳ್ಳುವವರು ಹಲವರಿದ್ದಾರೆ. ಬ್ಯಾಂಕುಗಳು ತುಂಬಿರುವ ಹಳೆಯ ‘ಸಿಟಿ’ ಭಾಗಕ್ಕೆ ಒಬ್ಬ ಲಾರ್ಡ್ ಮೇಯರ್. ತಮ್ಮದೇ ಕೌನ್ಸಿಲ್ ಇರುವ ಸ್ಥಳೀಯ ಆಡಳಿತ ಪ್ರದೇಶಗಳಾದ 32 ಬರೋಗಳಲ್ಲಿ ಹೆಚ್ಚಿನವುಗಳಿಗೆ ವರ್ಷಕ್ಕೊಮ್ಮೆ ಬದಲಾಗುವ, ಕೌನ್ಸಿಲ್ ಸಭೆಯ ಅಧ್ಯಕ್ಷತೆ ವಹಿಸಿ ಸಮಾರಂಭಗಳಲ್ಲಿ ಬರೋವನ್ನು ಪ್ರತಿನಿಧಿಸುವ ಮೇಯರ್. ಕಲಬುರಗಿ ಮೂಲದ ಡಾ. ನೀರಜ್ ಪಾಟೀಲ್ ಅವರು ಲ್ಯಾಂಬೆತ್ ಬರೋದಲ್ಲಿ ವಹಿಸಿಕೊಂಡಿದ್ದದ್ದು ಈ ಸ್ಥಾನವನ್ನು. ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರ ನವೆಂಬರ್‌ನಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಗಾಗಿ ದುಡಿದವರೂ ಅವರೇ. ಹ್ಯಾಕ್ನಿ, ಲೂಯಿಷಮ್, ನ್ಯೂಹ್ಯಾಮ್, ಟವರ್ ಹ್ಯಾಮ್ಲೆಟ್ಸ್ ಮತ್ತು 2022ರಿಂದ ಕ್ರಾಯ್ಡನ್‌ನಲ್ಲಿ ಮಾತ್ರ ಬರೋ ಮೇಯರ್‌ರನ್ನು ಜನರೇ ನೇರವಾಗಿ ಆರಿಸಿ ಆಡಳಿತ ಒಪ್ಪಿಸಿದ್ದಾರೆ.

ಇಲ್ಲಿ ನಾನು ಹೇಳುತ್ತಿರುವುದು ಇಡೀ ಮಹಾನಗರಕ್ಕೆ ಒಬ್ಬರೇ ಆದ ಲಂಡನ್ ಮೇಯರ್ ಬಗ್ಗೆ. 2000ದಲ್ಲಿ ಹುಟ್ಟಿದ ಈ ಹುದ್ದೆಯಲ್ಲಿ ಮೊದಲು ಕೆನ್ ಲಿವಿಂಗ್‌ಸ್ಟನ್, 2008ರಿಂದ ಬೋರಿಸ್ ಜಾನ್ಸನ್ ಇದ್ದರು. 2016ರಲ್ಲಿ ಬಂದ ಸಾದಿಕ್ ಖಾನ್ 2024ರಲ್ಲಿ ಮೂರನೆಯ ಬಾರಿ ಗೆದ್ದರು.

ನಮ್ಮ ಊರಿನ ಪಾಲಿಕೆಗಳನ್ನು ಕಂಡವರಿಗೆ ಇಲ್ಲಿ ಒಂದು ವ್ಯತ್ಯಾಸ ಹೊಳೆಯಬೇಕು. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡಗಳಲ್ಲಿ ಮೇಯರ್ ಆಗುವವರು ಸದಸ್ಯರಲ್ಲೇ ಒಬ್ಬರು. ಸಾಮಾನ್ಯ ಸಭೆಯ ಅಧ್ಯಕ್ಷ ಪೀಠ ಅವರದ್ದು, ಆದರೆ ಕಡತಕ್ಕೆ ಸಹಿ ಹಾಕಿ ಕೆಲಸ ಮಾಡಿಸುವ ಅಧಿಕಾರ ಆಯುಕ್ತರದ್ದು. ಹಾಗಾಗಿ ಸಭೆಯಲ್ಲಿ ಸದಸ್ಯರ ಸಿಟ್ಟು ಮೇಯರ್‌ರನ್ನು ದಾಟಿ ಅಧಿಕಾರಿಗಳ ಸಾಲಿನ ಕಡೆಗೆ ಹೋಗುತ್ತದೆ. ಲಂಡನ್‌ನಲ್ಲಿ ಮೇಯರ್ ಅಸೆಂಬ್ಲಿಯ ಸದಸ್ಯರಲ್ಲ, ಸಭೆಯ ಅಧ್ಯಕ್ಷರೂ ಅಲ್ಲ. ಜನರಿಂದ ನೇರವಾಗಿ ಆರಿಸಿಬಂದು ತೀರ್ಮಾನ ತೆಗೆದುಕೊಳ್ಳುವವರು ಅವರು, ಕಟಕಟೆಯಲ್ಲಿ ನಿಲ್ಲಬೇಕಾದವರೂ ಅವರೇ. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ನಗರ ನಡೆಸಿದ್ದನ್ನು ನೋಡಿದವರಿಗೆ, ಪ್ರಶ್ನೆ ಕೇಳುವ ಸಭೆಯೊಂದು ನಿಯಮದಂತೆ ನಡೆಯುವುದರ ಬೆಲೆ ಏನೆಂದು ನಾನು ವಿವರಿಸಬೇಕಾಗಿಲ್ಲ.

ಮೊದಲ ಹೆಜ್ಜೆ: ಇದು ಮೇಯರ್ ಕೆಲಸವೇ ಎಂದು ನೋಡಿ

ಹೆಚ್ಚಿನ ದೂರುಗಳು ಎಡವುವುದು ಇಲ್ಲೇ. ಕಸ ಎತ್ತದಿರುವುದು, ಶಾಲೆಯಲ್ಲಿ ಸೀಟು ಸಿಗದಿರುವುದು, ಮನೆ ಮುಂದಿನ ಪಾರ್ಕಿಂಗ್ ಪರವಾನಗಿ, ಬಡಾವಣೆಯ ಒಳರಸ್ತೆಯ ಗುಂಡಿ ಎಲ್ಲವೂ ಬರೋ ಕೌನ್ಸಿಲ್‌ಗೆ ಸೇರಿದ್ದು. ಜಿಪಿ ಅಪಾಯಿಂಟ್‌ಮೆಂಟ್ ಸಿಗದಿರುವುದು ಎನ್‌ಎಚ್‌ಎಸ್ ವಿಷಯ, ವೀಸಾ ಕೇಂದ್ರ ಸರ್ಕಾರದ್ದು. ಇವುಗಳಲ್ಲಿ ಯಾವುದನ್ನು ಕೇಳಿದರೂ ‘ಇದು ನನ್ನ ಅಧಿಕಾರ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಒಂದು ಸಾಲಿನ ಉತ್ತರ ಬರುತ್ತದೆ, ನಿಮ್ಮ ಒಂದು ತಿಂಗಳು ಹಾಳಾಗುತ್ತದೆ.

ಮೇಯರ್ ಕೈಯಲ್ಲಿರುವುದು ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್, ಅಂದರೆ ಬಸ್, ಟ್ಯೂಬ್, ಓವರ್‌ಗ್ರೌಂಡ್, ಎಲಿಜಬೆತ್ ಮಾರ್ಗ. ಮೆಟ್ರೊಪಾಲಿಟನ್ ಪೊಲೀಸರ ಬಜೆಟ್ ಮತ್ತು ಆದ್ಯತೆಗಳು, ಅಗ್ನಿಶಾಮಕ ದಳ, ಕೈಗೆಟಕುವ ಬೆಲೆಯ ಮನೆಗಳಿಗೆ ಅನುದಾನ, ಇಡೀ ನಗರದ ಯೋಜನಾ ನಕ್ಷೆಯಾದ ಲಂಡನ್ ಪ್ಲಾನ್, ವಯಸ್ಕರ ಕೌಶಲ ಶಿಕ್ಷಣದ ಹಣ, ವಾಯುಮಾಲಿನ್ಯ ಕೂಡ ಅವರದ್ದೇ. ಎಲ್ಲ ಸೇರಿ ವರ್ಷಕ್ಕೆ 20 ಬಿಲಿಯನ್ ಪೌಂಡ್‌ಗಿಂತ ಹೆಚ್ಚಿನ ವಹಿವಾಟು.

ರಸ್ತೆಯ ವಿಷಯ ಸ್ವಲ್ಪ ಸೂಕ್ಷ್ಮ. ಅಂಚಿನಲ್ಲಿ ಕೆಂಪು ಗೆರೆ ಎಳೆದ ‘ರೆಡ್ ರೂಟ್’ ಮುಖ್ಯರಸ್ತೆಗಳು ಸುಮಾರು 580 ಕಿಲೋಮೀಟರ್. ಉದ್ದದಲ್ಲಿ ನಗರದ ರಸ್ತೆಗಳ 5 ಶೇಕಡಾ ಮಾತ್ರ, ಆದರೆ ಶೇಕಡಾ 30ರಷ್ಟು ವಾಹನ ಸಂಚಾರ ಅವುಗಳ ಮೇಲಿದೆ. ಇವು ಮೇಯರ್‌ಗೆ ಸೇರಿದವು. ಉಳಿದವು ಬಹುಮಟ್ಟಿಗೆ ಬರೋಗಳದ್ದು. ಆದರೆ ರಸ್ತೆ ಯಾರದ್ದೇ ಆಗಿರಲಿ, ಅದರ ಟ್ರಾಫಿಕ್ ಸಿಗ್ನಲ್ ನೋಡಿಕೊಳ್ಳುವುದು ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್. ಮಗುವನ್ನು ಶಾಲೆಗೆ ಕರೆದೊಯ್ಯುವಾಗ ಪಾದಚಾರಿ ದೀಪ ಹಸಿರಾಗಲು ವಿಪರೀತ ಹೊತ್ತು ಹಿಡಿಯುತ್ತದೆ ಎಂಬ ದೂರು ಬರೋ ರಸ್ತೆಯದ್ದಾದರೂ ಮೇಯರ್‌ಗೆ ಕೇಳಬಹುದಾದದ್ದು. ಈ ಒಂದು ಅಂಶ ತಿಳಿಯದೆ ಕೌನ್ಸಿಲ್‌ಗೂ ಟ್ರಾನ್ಸ್‌ಪೋರ್ಟ್ ಕಚೇರಿಗೂ ಅಲೆದವರನ್ನು ನಾನು ಬಲ್ಲೆ.

ಎರಡನೆಯದು: ನಿಮ್ಮ ಸದಸ್ಯರು ಯಾರು?

ಅಸೆಂಬ್ಲಿಯ 25 ಸದಸ್ಯರಲ್ಲಿ 14 ಮಂದಿ ಒಂದೊಂದು ಕ್ಷೇತ್ರದಿಂದ ಬರುತ್ತಾರೆ. ಒಂದೊಂದು ಕ್ಷೇತ್ರದಲ್ಲಿ ಎರಡು ಮೂರು ಬರೋಗಳು ಸೇರಿರುತ್ತವೆ. ಹ್ಯಾರೋದಲ್ಲಿದ್ದರೆ ನಿಮ್ಮದು ಬ್ರೆಂಟ್ ಅಂಡ್ ಹ್ಯಾರೋ, ಹೌನ್ಸ್ಲೋದಲ್ಲಿದ್ದರೆ ಸೌತ್ ವೆಸ್ಟ್, ಹೇಸ್ ಅಥವಾ ಸೌತಾಲ್ ಕಡೆಯವರಿಗೆ ಈಲಿಂಗ್ ಅಂಡ್ ಹಿಲಿಂಗ್ಡನ್, ಕ್ರಾಯ್ಡನ್‌ನವರಿಗೆ ಕ್ರಾಯ್ಡನ್ ಅಂಡ್ ಸಟನ್. ಉಳಿದ 11 ಮಂದಿ ಇಡೀ ಲಂಡನ್‌ಗೆ ಸೇರಿದವರು. ಅಂದರೆ ಪ್ರತಿ ನಿವಾಸಿಗೂ ಹನ್ನೆರಡು ಮಂದಿ ಪ್ರತಿನಿಧಿಗಳು. ನಿಮ್ಮ ಕ್ಷೇತ್ರದ ಸದಸ್ಯರು ಸ್ಪಂದಿಸದಿದ್ದರೆ ಉಳಿದ ಹನ್ನೊಂದು ಬಾಗಿಲುಗಳು ತೆರೆದಿವೆ. 2024ರ ಚುನಾವಣೆಯಲ್ಲಿ ಲೇಬರ್‌ಗೆ 11, ಕನ್ಸರ್ವೇಟಿವ್‌ಗೆ 8, ಗ್ರೀನ್‌ಗೆ 3, ಲಿಬರಲ್ ಡೆಮಾಕ್ರಾಟ್‌ಗೆ 2, ರಿಫಾರ್ಮ್‌ಗೆ 1 ಸ್ಥಾನ ಬಂದವು.

ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಇಲ್ಲಿ ಕಾನೂನುಬದ್ಧವಾಗಿ ನೆಲೆಸಿರುವವರಿಗೆ ಒಂದು ಮಾತು: ಕಾಮನ್‌ವೆಲ್ತ್ ಪ್ರಜೆಯಾಗಿ ನಿಮಗೆ ಮೇಯರ್ ಮತ್ತು ಅಸೆಂಬ್ಲಿ ಚುನಾವಣೆಯಲ್ಲಿ ಮತದಾನದ ಹಕ್ಕಿದೆ. ಬ್ರಿಟಿಷ್ ಪೌರತ್ವಕ್ಕಾಗಿ ಕಾಯಬೇಕಾಗಿಲ್ಲ. ಹೆಸರು ನೋಂದಾಯಿಸಿಕೊಂಡಿರಬೇಕು, ಮತಗಟ್ಟೆಯಲ್ಲಿ ಭಾವಚಿತ್ರವಿರುವ ಗುರುತುಪತ್ರ ತೋರಿಸಬೇಕು. ನಿಮ್ಮ ಭಾರತೀಯ ಪಾಸ್‌ಪೋರ್ಟ್ ಅದಕ್ಕೆ ಸಾಕು. ಪತ್ರ ಬರೆಯಲು ಮತದಾರರಾಗಿರಲೇಬೇಕೆಂದೇನೂ ಇಲ್ಲ, ನಿವಾಸಿಯಾದರೆ ಸಾಕು. ಆದರೂ ಪಟ್ಟಿಯಲ್ಲಿ ಹೆಸರಿಲ್ಲದ ಸಮುದಾಯದ ಮಾತಿಗೆ ಯಾವ ಊರಿನ ರಾಜಕಾರಣಿ ಎಷ್ಟು ತೂಕ ಕೊಡುತ್ತಾನೆಂಬುದನ್ನು ನಾವೆಲ್ಲ ಬಲ್ಲೆವು.

ಮೂರನೆಯದು: ಈ ಪ್ರಶ್ನೆ ಈಗಾಗಲೇ ಬಂದಿದೆಯೇ?

ಅಸೆಂಬ್ಲಿ ಸದಸ್ಯರು ವರ್ಷಕ್ಕೆ ಸಾವಿರಾರು ಪ್ರಶ್ನೆಗಳನ್ನು ಸಲ್ಲಿಸುತ್ತಾರೆ. ಪ್ರತಿಯೊಂದಕ್ಕೂ ವರ್ಷ ಮತ್ತು ಕ್ರಮಾಂಕ ಸೇರಿದ ಒಂದು ಉಲ್ಲೇಖ ಸಂಖ್ಯೆ ಇರುತ್ತದೆ. ಪ್ರಶ್ನೆ ಮತ್ತು ಉತ್ತರ ಎರಡೂ ಗ್ರೇಟರ್ ಲಂಡನ್ ಅಥಾರಿಟಿಯ ಜಾಲತಾಣದಲ್ಲಿ ಹುಡುಕಲು ಸಿಗುತ್ತವೆ. ನಿಮ್ಮ ನಿಲ್ದಾಣದ ಹೆಸರನ್ನೋ ಬಸ್ ಮಾರ್ಗದ ಸಂಖ್ಯೆಯನ್ನೋ ಹಾಕಿ ನೋಡಿ. ಎರಡು ವರ್ಷಗಳ ಹಿಂದೆ ಯಾರೋ ಇದನ್ನೇ ಕೇಳಿ ‘ಮುಂದಿನ ವರ್ಷ ಪರಿಶೀಲಿಸಲಾಗುವುದು’ ಎಂಬ ಉತ್ತರ ಪಡೆದಿದ್ದರೆ, ನಿಮ್ಮ ಕೈಗೆ ಬಲವಾದ ಸಾಧನ ಸಿಕ್ಕಂತೆ. ‘ಇಂಥ ಸಂಖ್ಯೆಯ ಪ್ರಶ್ನೆಗೆ ತಾವು ಕೊಟ್ಟ ಉತ್ತರದಂತೆ ಪರಿಶೀಲನೆ ಮುಗಿದಿದೆಯೇ? ಫಲಿತಾಂಶ ಏನು?’ ಎಂದು ಕೇಳುವ ಪ್ರಶ್ನೆಯನ್ನು ತಳ್ಳಿಹಾಕುವುದು ಯಾರಿಗೂ ಸುಲಭವಲ್ಲ.

ಜೊತೆಗೆ ಎರಡು ದಾಖಲೆಗಳನ್ನು ನೋಡಿ. ಪ್ರತಿ ಸಭೆಗೆ ಕನಿಷ್ಠ ಮೂರು ಕೆಲಸದ ದಿನ ಮೊದಲು ಮೇಯರ್ ತಾವು ತೆಗೆದುಕೊಂಡ ಮುಖ್ಯ ತೀರ್ಮಾನಗಳ ವರದಿಯನ್ನು ಅಸೆಂಬ್ಲಿಗೆ ಕೊಡಬೇಕು. ಅದು ಪ್ರಕಟವಾಗುತ್ತದೆ. ಎರಡನೆಯದು, ದೊಡ್ಡ ಖರ್ಚುಗಳಿಗೆ ಮೇಯರ್ ಸಹಿ ಹಾಕಿದ ತೀರ್ಮಾನ ಪತ್ರಗಳು. ಕಾರಣ, ಮೊತ್ತ, ಅಪಾಯಗಳು ಎಲ್ಲ ಅದರಲ್ಲಿರುತ್ತವೆ. ಸ್ವಲ್ಪ ಒಣ ಓದು, ಆದರೆ ಇದನ್ನು ಓದಿದವರ ಪ್ರಶ್ನೆಗೂ ಓದದವರ ಪ್ರಶ್ನೆಗೂ ಇರುವ ಅಂತರ ಮೊದಲ ಸಾಲಿನಲ್ಲೇ ಕಾಣುತ್ತದೆ.

ನಾಲ್ಕನೆಯದು: ಪ್ರಶ್ನೆಯನ್ನು ರೂಪಿಸುವುದು

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೆ. ‘ನಮ್ಮ ಕಡೆ ಬಸ್ಸುಗಳು ಸರಿಯಾಗಿ ಬರುವುದಿಲ್ಲ, ಮೇಯರ್ ಏನು ಮಾಡುತ್ತಿದ್ದಾರೆ?’ ಎಂದು ಬರೆದರೆ, ಬಸ್ ಸೇವೆಗೆ ಎಷ್ಟು ಕೋಟಿ ಹೂಡಿದ್ದೇವೆ, ಕೇಂದ್ರ ಸರ್ಕಾರ ಹೇಗೆ ಅನ್ಯಾಯ ಮಾಡಿತು ಎಂಬ ನಾಲ್ಕು ಪ್ಯಾರಾ ಬರುತ್ತದೆ. ಅದರಲ್ಲಿ ನಿಮ್ಮ ಬಸ್ಸಿನ ಸುದ್ದಿಯೇ ಇರುವುದಿಲ್ಲ. ತಪ್ಪು ಉತ್ತರಿಸಿದವರದ್ದಷ್ಟೇ ಅಲ್ಲ, ಪ್ರಶ್ನೆಯೇ ಅದಕ್ಕೆ ಎಡೆ ಮಾಡಿಕೊಟ್ಟಿದೆ.

ಅದರ ಬದಲು ಅಳತೆಯನ್ನು ಕೇಳಿ. ಪದೇ ಪದೇ ಓಡುವ ಬಸ್ಸುಗಳಿಗೆ ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್ ‘ಹೆಚ್ಚುವರಿ ಕಾಯುವಿಕೆಯ ಸಮಯ’ ಎಂಬ ಲೆಕ್ಕ ಇಡುತ್ತದೆ. ವೇಳಾಪಟ್ಟಿಯ ಪ್ರಕಾರ ಕಾಯಬೇಕಾದದ್ದಕ್ಕಿಂತ ಪ್ರಯಾಣಿಕರು ಸರಾಸರಿ ಎಷ್ಟು ಹೆಚ್ಚು ಕಾದರು ಎಂಬುದು ಅದರಲ್ಲಿರುತ್ತದೆ. ಅಪರೂಪಕ್ಕೆ ಓಡುವ ಬಸ್ಸುಗಳಿಗೆ ಸಮಯಕ್ಕೆ ಸರಿಯಾಗಿ ಹೊರಟ ಶೇಕಡಾವಾರು ಲೆಕ್ಕವಿದೆ. ‘ಇಂಥ ಮಾರ್ಗದ ಹೆಚ್ಚುವರಿ ಕಾಯುವಿಕೆಯ ಸಮಯವನ್ನು ಕಳೆದ 12 ತಿಂಗಳಿಗೆ ತಿಂಗಳುವಾರು ಕೊಡಿ, ಗುತ್ತಿಗೆದಾರರಿಗೆ ನಿಗದಿಪಡಿಸಿದ ಗುರಿ ಎಷ್ಟು, ಅದು ಎಷ್ಟು ತಿಂಗಳಲ್ಲಿ ತಪ್ಪಿದೆ?’ ಎಂದರೆ ಅಂಕಿಗಳು ಬರಲೇಬೇಕು.

ಇನ್ನೊಂದು ಉದಾಹರಣೆ. ಊರಿನಿಂದ ಅಪ್ಪ ಅಮ್ಮ ಬಂದಾಗ ಮೊಣಕಾಲು ನೋವಿನವರನ್ನು ಟ್ಯೂಬ್ ಮೆಟ್ಟಿಲು ಹತ್ತಿಸುವ ಕಷ್ಟ ನಮ್ಮಲ್ಲಿ ಪ್ರತಿ ಮನೆಗೂ ಗೊತ್ತು. 272 ಟ್ಯೂಬ್ ನಿಲ್ದಾಣಗಳಲ್ಲಿ ಮೆಟ್ಟಿಲಿಲ್ಲದೆ ಪ್ಲಾಟ್‌ಫಾರ್ಮ್ ತಲುಪಬಹುದಾದವು ಮೂರನೇ ಒಂದು ಭಾಗದಷ್ಟು ಮಾತ್ರ. ಇಲ್ಲಿ ‘ಲಿಫ್ಟ್ ಯಾವಾಗ ಹಾಕುತ್ತೀರಿ?’ ಎಂದರೆ ‘ಅನುದಾನ ದೊರೆತಾಗ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ‘ಈ ನಿಲ್ದಾಣಕ್ಕೆ ಕಾರ್ಯಸಾಧ್ಯತೆಯ ಅಧ್ಯಯನ ನಡೆದಿದೆಯೇ? ಯಾವಾಗ ಮುಗಿಯಿತು? ಅಂದಾಜು ವೆಚ್ಚ ಎಷ್ಟು? ವರದಿಯನ್ನು ಪ್ರಕಟಿಸುವಿರಾ?’ ಎಂದು ಕೇಳಿ. ಅಧ್ಯಯನವೇ ಆಗಿಲ್ಲವೆಂದು ಗೊತ್ತಾದರೂ ಅದು ದೊಡ್ಡ ಮಾಹಿತಿಯೇ, ಮುಂದಿನ ಪ್ರಶ್ನೆ ಅಲ್ಲಿಂದ ಶುರುವಾಗುತ್ತದೆ.

ಆದ್ಯತೆಯ ಬಗ್ಗೆಯೇ ಕೇಳಬೇಕೆಂದಿದ್ದರೆ ಮೇಯರ್ ತಾವೇ ಘೋಷಿಸಿಕೊಂಡ ಗುರಿಯನ್ನು ಹಿಡಿದುಕೊಳ್ಳಿ. 2041ರ ಹೊತ್ತಿಗೆ ನಗರದ ಶೇಕಡಾ 80ರಷ್ಟು ಓಡಾಟ ನಡಿಗೆ, ಸೈಕಲ್ ಅಥವಾ ಸಾರ್ವಜನಿಕ ಸಾರಿಗೆಯಿಂದ ಆಗಬೇಕೆಂದು 2018ರ ಸಾರಿಗೆ ಕಾರ್ಯತಂತ್ರ ಹೇಳುತ್ತದೆ. ‘ಆ ಗುರಿ ಇರುವಾಗ ನಮ್ಮ ಬರೋದಲ್ಲಿ ಸಂಜೆಯ ಬಸ್ಸುಗಳನ್ನು ಏಕೆ ಕಡಿಮೆ ಮಾಡಲಾಯಿತು?’ ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಅವರ ಮಾತಿಗೇ ಅವರು ಲೆಕ್ಕ ಕೊಟ್ಟಂತೆ.

ಒಂದು ಪ್ರಶ್ನೆಗೆ ಒಂದೇ ವಿಷಯ. ನಿಂದೆಯ ಮಾತು ಬೇಡ.

ಐದನೆಯದು: ಕಳುಹಿಸುವುದು

ನೀವು ನೇರವಾಗಿ ಪ್ರಶ್ನೆ ಸಲ್ಲಿಸಲಾಗದು, ಸದಸ್ಯರೇ ಸಲ್ಲಿಸಬೇಕು. ಅವರಿಗೆ ಇಮೇಲ್ ಬರೆಯಿರಿ. ಹೆಸರು, ಪೂರ್ತಿ ವಿಳಾಸ, ಪೋಸ್ಟ್‌ಕೋಡ್ ತಪ್ಪದೆ ಹಾಕಿ. ತಮ್ಮ ಕ್ಷೇತ್ರದವರೆಂದು ಖಚಿತವಾದ ಮೇಲೆಯೇ ಅವರ ಕಚೇರಿ ಕಡತ ತೆರೆಯುತ್ತದೆ. ಸಮಸ್ಯೆಯನ್ನು ಐದಾರು ಸಾಲಿನಲ್ಲಿ ಹೇಳಿ, ನೀವು ರೂಪಿಸಿದ ಪ್ರಶ್ನೆಯನ್ನು ಕೊನೆಯಲ್ಲಿ ಬೇರೆಯಾಗಿ ಬರೆದು, ‘ಇದನ್ನು ಮೇಯರ್‌ಗೆ ಲಿಖಿತ ಪ್ರಶ್ನೆಯಾಗಿ ಸಲ್ಲಿಸುವಿರಾ?’ ಎಂದು ಸ್ಪಷ್ಟವಾಗಿ ಕೇಳಿ. ಸಭೆಯ ದಿನಾಂಕಗಳು ಮೊದಲೇ ಪ್ರಕಟವಾಗಿರುತ್ತವೆ. ಮೂರು ನಾಲ್ಕು ವಾರ ಮುಂಚೆ ನಿಮ್ಮ ಪತ್ರ ತಲುಪಿದರೆ ಒಳ್ಳೆಯದು.

ಲಿಖಿತ ಎಂದು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ನಮ್ಮ ವಿಧಾನಮಂಡಲದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ, ಚುಕ್ಕೆ ಗುರುತಿಲ್ಲದ ಪ್ರಶ್ನೆ ಎಂದು ಎರಡು ಬಗೆ ಇರುವಂತೆ ಇಲ್ಲಿಯೂ ಮೌಖಿಕ ಮತ್ತು ಲಿಖಿತ ಪ್ರಶ್ನೆಗಳಿವೆ. ಮೌಖಿಕ ಪ್ರಶ್ನೆಗೆ ಸ್ಥಳ ಕಡಿಮೆ, ಪಕ್ಷಗಳು ಅದನ್ನು ಆ ವಾರದ ದೊಡ್ಡ ವಿವಾದಗಳಿಗೆ ಮೀಸಲಿಡುತ್ತವೆ. ನಿಮ್ಮ ಬೀದಿಯ ವಿಷಯಕ್ಕೆ ಲಿಖಿತವೇ ದಾರಿ.

ಹತ್ತಿಪ್ಪತ್ತು ಮನೆಯವರಿಗೆ ಒಂದೇ ಸಮಸ್ಯೆಯಿದ್ದರೆ ಎಲ್ಲರೂ ತಮ್ಮ ತಮ್ಮ ಮಾತಿನಲ್ಲಿ ಬೇರೆ ಬೇರೆ ಪತ್ರ ಬರೆಯಲಿ. ಒಂದೇ ಒಕ್ಕಣೆಯನ್ನು ನಕಲು ಮಾಡಿ ಕಳುಹಿಸಿದ ಪತ್ರಗಳನ್ನು ಕಚೇರಿಯವರು ಒಂದೇ ಎಂದು ಎಣಿಸುವ ಸಾಧ್ಯತೆ ಹೆಚ್ಚು. ಯುಗಾದಿ, ರಾಜ್ಯೋತ್ಸವಗಳಿಗೆ ಸೇರುವ ನಮ್ಮ ಸಂಘಗಳು ವರ್ಷಕ್ಕೊಮ್ಮೆ ಇಂಥ ಪತ್ರ ಬರೆಸುವ ಕೆಲಸವನ್ನೂ ಕೈಗೆತ್ತಿಕೊಂಡರೆ ಎಷ್ಟು ಚೆನ್ನ ಎಂದು ನನಗೆ ಮನಸ್ಸಿನಿಂದ ಅನ್ನಿಸುತ್ತದೆ.

ಆರನೆಯದು: ಸಭೆಯನ್ನು ನೋಡುವ ಬಗೆ

ಟವರ್ ಬ್ರಿಡ್ಜ್ ಪಕ್ಕದ ಓರೆ ಗಾಜಿನ ಕಟ್ಟಡವನ್ನು ಬಿಟ್ಟು, 2022ರಿಂದ ಸಿಟಿ ಹಾಲ್ ರಾಯಲ್ ಡಾಕ್ಸ್ ಪ್ರದೇಶದಲ್ಲಿದೆ. ಡಿಎಲ್‌ಆರ್‌ನಲ್ಲಿ ರಾಯಲ್ ವಿಕ್ಟೋರಿಯಾ ನಿಲ್ದಾಣದಲ್ಲಿ ಇಳಿದರೆ ನಡೆದು ಹೋಗಬಹುದು. ಸಭೆ ಸಾರ್ವಜನಿಕರಿಗೆ ತೆರೆದಿದೆ, ಅಂತರ್ಜಾಲದಲ್ಲಿ ನೇರಪ್ರಸಾರವೂ ಇದೆ. ಒಮ್ಮೆಯಾದರೂ ಖುದ್ದಾಗಿ ಹೋಗಿ ಕುಳಿತುಕೊಳ್ಳಿ, ಶಾಲೆಯ ಮಕ್ಕಳನ್ನೂ ಕರೆದುಕೊಂಡು ಹೋಗಿ.

ಮೊದಲು ಮೇಯರ್ ಇತ್ತೀಚಿನ ಬೆಳವಣಿಗೆಗಳ ಬಗ್ಗೆ ಮಾತನಾಡುತ್ತಾರೆ, ನಂತರ ಪಟ್ಟಿಯಲ್ಲಿರುವ ಪ್ರಶ್ನೆಗಳು, ಅವುಗಳ ಬೆನ್ನಿಗೆ ಉಪಪ್ರಶ್ನೆಗಳು. ಪ್ರತಿ ಪಕ್ಷದ ಗುಂಪಿಗೂ ಅದರ ಸಂಖ್ಯಾಬಲಕ್ಕೆ ತಕ್ಕಷ್ಟು ನಿಮಿಷಗಳು ಮಾತ್ರ. ‘ಹೌದೋ ಅಲ್ಲವೋ ಹೇಳಿ’ ಎಂದು ಸದಸ್ಯರು ಮತ್ತೆ ಮತ್ತೆ ನಡುವೆ ಬಾಯಿ ಹಾಕುವುದೂ ಮೇಯರ್ ಉದ್ದುದ್ದ ಮಾತನಾಡುವುದೂ ಈ ಗಡಿಯಾರದ ಆಟವೇ. ಮೇಯರ್ ಪಕ್ಷದವರೇ ಕೇಳುವ ಪ್ರಶ್ನೆಗಳಲ್ಲಿ ಹೊಗಳಿಕೆಗೆ ಪೀಠಿಕೆ ಹಾಕುವಂಥವು ಇರುತ್ತವೆ. ಹಾಗೆಂದು ಅವನ್ನು ಪೂರ್ತಿ ಕಡೆಗಣಿಸಬೇಡಿ. ಹೊಸ ಘೋಷಣೆಯ ಸುಳಿವು ಹಲವು ಸಲ ಅಲ್ಲಿಯೇ ಹೊರಬೀಳುತ್ತದೆ. ‘ನಿಮಗೆ ಬರೆದು ತಿಳಿಸುತ್ತೇನೆ’, ‘ಅಧಿಕಾರಿಗಳಿಗೆ ಹೇಳಿ ಭೇಟಿ ಏರ್ಪಡಿಸುತ್ತೇನೆ’ ಎಂಬ ಮಾತು ಬಂದರೆ ದಿನಾಂಕದೊಂದಿಗೆ ಬರೆದಿಟ್ಟುಕೊಳ್ಳಿ. ಅದು ಕಡತಕ್ಕೆ ಸೇರಿದ ಭರವಸೆ.

ಪ್ರಶ್ನೆಗಳು ಹೇಗೆ ಕೂಡುತ್ತಾ ಹೋಗುತ್ತವೆ ಎಂದು ತಿಳಿಯಲು 2022 ಮತ್ತು 2023ರ ಸಭೆಗಳ ದಾಖಲೆ ತೆರೆದು ನೋಡಬೇಕು. ಹೊಗೆ ಹೆಚ್ಚು ಉಗುಳುವ ಹಳೆಯ ವಾಹನಗಳಿಗೆ ದಿನಕ್ಕೆ 12.50 ಪೌಂಡ್ ವಿಧಿಸುವ ಯುಲೆಝ್ ವಲಯವನ್ನು ಇಡೀ ಲಂಡನ್‌ಗೆ ಹಬ್ಬಿಸುವ ತೀರ್ಮಾನ 2022ರ ನವೆಂಬರ್‌ನಲ್ಲಿ ಹೊರಬಿತ್ತು, 2023ರ ಆಗಸ್ಟ್ 29ರಂದು ಜಾರಿಗೆ ಬಂತು. ಹ್ಯಾರೋ, ಹಿಲಿಂಗ್ಡನ್ ಸೇರಿ ಹೊರವಲಯದ ನಾಲ್ಕು ಬರೋಗಳು ಮತ್ತು ಸರ್ರೆ ಕೌಂಟಿ ಹೈಕೋರ್ಟಿಗೆ ಹೋಗಿ ಸೋತವು. ಅಷ್ಟೂ ತಿಂಗಳು ಅಸೆಂಬ್ಲಿಯಲ್ಲಿ ಪ್ರಶ್ನೆಗಳು ನಿಲ್ಲಲಿಲ್ಲ: ಗಾಳಿ ಎಷ್ಟು ಶುದ್ಧವಾಗುತ್ತದೆ, ಬಡವರ ಗತಿ ಏನು, ಹಳೆಯ ವಾಹನವನ್ನು ಗುಜರಿಗೆ ಕೊಡುವವರಿಗೆ ನೆರವು ಯಾರಿಗೆ, ಎಷ್ಟು. ನೆರವಿನ ನಿಧಿ 110 ಮಿಲಿಯನ್ ಪೌಂಡ್‌ನಿಂದ 160 ಮಿಲಿಯನ್‌ಗೆ ಏರಿತು, ಕೊನೆಗೆ ಎಲ್ಲ ಲಂಡನ್ ನಿವಾಸಿಗಳಿಗೂ ತೆರೆಯಿತು. ಪ್ರಶ್ನೆಗಳೊಂದರಿಂದಲೇ ಅದು ಆಯಿತು ಎನ್ನಲಾಗದು. ಹೊರವಲಯದ ಅಕ್ಸ್‌ಬ್ರಿಜ್‌ನಲ್ಲಿ ನಡೆದ ಸಂಸತ್ ಉಪಚುನಾವಣೆಯ ಒತ್ತಡವೂ ಬರೋಗಳ ಒತ್ತಡವೂ ಇತ್ತು. ಆದರೆ ಯಾರಿಗೆ ನೆರವು ತಲುಪುತ್ತಿಲ್ಲ ಎಂಬ ಲೆಕ್ಕವನ್ನು ಕೆದಕುತ್ತಾ ಹೋದದ್ದು ಈ ಪ್ರಶ್ನೆಗಳೇ.

ಏಳನೆಯದು: ಉತ್ತರ ಬಂದ ಮೇಲೆ

ಉತ್ತರ ಜಾಲತಾಣದಲ್ಲಿ ಕಾಣಿಸುತ್ತದೆ, ಸದಸ್ಯರ ಕಚೇರಿಯೂ ತಿಳಿಸುತ್ತದೆ. ಕೆಲವೊಮ್ಮೆ ‘ಅಧಿಕಾರಿಗಳು ಉತ್ತರ ಸಿದ್ಧಪಡಿಸುತ್ತಿದ್ದಾರೆ’ ಎಂಬ ಒಂದೇ ಸಾಲು ಇರುತ್ತದೆ. ಅದು ಉತ್ತರವಲ್ಲ, ಎರಡು ವಾರ ಬಿಟ್ಟು ಮತ್ತೆ ನೋಡಿ. ಪೂರ್ತಿ ಉತ್ತರ ಬಂದಾಗ ಮೂರು ವಿಷಯ ಹುಡುಕಿ: ಕೇಳಿದ ಅಂಕಿ ಇದೆಯೇ, ದಿನಾಂಕ ಇದೆಯೇ, ಯಾರು ಮಾಡಬೇಕು ಎಂದಿದೆಯೇ. ಮೂರರಲ್ಲಿ ಯಾವುದು ತಪ್ಪಿಹೋಗಿದೆಯೋ ಅದೇ ಮುಂದಿನ ತಿಂಗಳ ಪ್ರಶ್ನೆ. ಸದಸ್ಯರಿಗೆ ಧನ್ಯವಾದ ಹೇಳಿ, ಹಳೆಯ ಉಲ್ಲೇಖ ಸಂಖ್ಯೆ ಹಾಕಿ ಮತ್ತೆ ಬರೆಯಿರಿ.

ಅಂಕಿಅಂಶವನ್ನೇ ಕೊಡದೆ ಜಾರಿಕೊಂಡರೆ ಮಾಹಿತಿ ಹಕ್ಕಿನ ದಾರಿ ಇದೆ. ಇಲ್ಲಿನ 2000ದ ಕಾಯ್ದೆಯಡಿ ಯಾರು ಬೇಕಾದರೂ ಇಮೇಲ್‌ನಲ್ಲಿ ಅರ್ಜಿ ಹಾಕಬಹುದು, ಶುಲ್ಕವಿಲ್ಲ, 20 ಕೆಲಸದ ದಿನಗಳೊಳಗೆ ಉತ್ತರ ಕೊಡಬೇಕು.

ಬಜೆಟ್ ತಿಂಗಳುಗಳು

ಜನವರಿ, ಫೆಬ್ರವರಿಯಲ್ಲಿ ಕೇಳುವ ಪ್ರಶ್ನೆಗಳಿಗೆ ಬೇರೆಯೇ ತೂಕ. ಮೇಯರ್ ಬಜೆಟ್ ಮಂಡಿಸುವುದು ಆಗ. ನೀವು ಕಟ್ಟುವ ಕೌನ್ಸಿಲ್ ಟ್ಯಾಕ್ಸ್‌ನ ಒಂದು ಪಾಲು ಅವರಿಗೆ ಹೋಗುತ್ತದೆ. 2025-26ರಲ್ಲಿ ಬ್ಯಾಂಡ್ ‘ಡಿ’ ಮನೆಗೆ ಅದು 490.38 ಪೌಂಡ್. ಅಸೆಂಬ್ಲಿ ಈ ಬಜೆಟನ್ನು ತಿದ್ದಬೇಕಾದರೆ ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಮಂದಿ ಒಪ್ಪಬೇಕು. ಎಲ್ಲ 25 ಮಂದಿ ಮತ ಹಾಕಿದರೆ 17 ಬೇಕು, ಮೇಯರ್ ಕಡೆಗೆ 9 ಮಂದಿ ನಿಂತರೆ ತಿದ್ದುಪಡಿ ಬಿತ್ತು. ಮತದ ಬಲದಿಂದ ಅಸೆಂಬ್ಲಿ ಗೆಲ್ಲುವುದು ಅಷ್ಟು ಕಷ್ಟವಾದ್ದರಿಂದಲೇ ಅದರ ಪ್ರಶ್ನೆಗಳು ಹರಿತವಾಗಿರಬೇಕು ಎನ್ನುತ್ತೇನೆ. ನಿಮ್ಮ ಬೇಡಿಕೆಗೆ ಹಣ ಬೇಕಿದ್ದರೆ ನವೆಂಬರ್‌ನಲ್ಲೇ ಸದಸ್ಯರಿಗೆ ಬರೆಯಿರಿ. ಮಾರ್ಚ್‌ನಲ್ಲಿ ಬರೆದರೆ ಇನ್ನೊಂದು ವರ್ಷ ಕಾಯಬೇಕು.

ನೀವೇ ಎದ್ದು ನಿಂತು ಮೇಯರ್‌ರನ್ನು ಕೇಳಬೇಕೆಂದಿದ್ದರೆ ‘ಪೀಪಲ್ಸ್ ಕ್ವೆಶ್ಚನ್ ಟೈಮ್’ಗೆ ಹೋಗಿ. ವರ್ಷಕ್ಕೆರಡು ಬಾರಿ ನಗರದ ಬೇರೆ ಬೇರೆ ಭಾಗಗಳಲ್ಲಿ ನಡೆಯುತ್ತದೆ, ಟಿಕೆಟ್ ಉಚಿತ, ಆದರೆ ಬೇಗ ಮುಗಿದುಹೋಗುತ್ತದೆ. ಮೈಕ್ ಸಿಗುವುದು ಕೆಲವರಿಗೆ ಮಾತ್ರ, ಆದ್ದರಿಂದ ಪ್ರಶ್ನೆ ಇಪ್ಪತ್ತು ಸೆಕೆಂಡಿನಲ್ಲಿ ಮುಗಿಯುವಂತಿರಲಿ.

ಸ್ಲೌ, ರೆಡಿಂಗ್, ವಾಟ್‌ಫೋರ್ಡ್ ಕಡೆಯ ಕನ್ನಡಿಗರದ್ದು ಬೇರೆ ಕಷ್ಟ. ಕೆಲಸಕ್ಕೆ ದಿನವೂ ಲಂಡನ್‌ಗೆ ಬರುತ್ತಾರೆ, ಯುಲೆಝ್ ಶುಲ್ಕ ಅವರಿಗೂ ಅನ್ವಯಿಸುತ್ತದೆ, ಆದರೆ ಆ ಊರುಗಳು ಲಂಡನ್ ಗಡಿಯ ಹೊರಗಿರುವುದರಿಂದ ಅಸೆಂಬ್ಲಿಯಲ್ಲಿ ಪ್ರತಿನಿಧಿಯಿಲ್ಲ, ವಾಹನ ನೆರವಿನ ನಿಧಿಯೂ ಅವರಿಗೆ ಸಿಗಲಿಲ್ಲ. ನಿಮ್ಮ ಸಂಸದರಿಗೆ ಬರೆಯಿರಿ. ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್ ಹೊಸ ಯೋಜನೆಗಳಿಗೆ ಸಾರ್ವಜನಿಕ ಅಭಿಪ್ರಾಯ ಕೇಳಿದಾಗ ಲಂಡನ್ ನಿವಾಸಿಗಳಲ್ಲದವರೂ ಉತ್ತರಿಸಬಹುದು. ಆ ಅರ್ಜಿಯಲ್ಲಿ ನಿಮ್ಮ ಪೋಸ್ಟ್‌ಕೋಡ್ ಮತ್ತು ವಾರಕ್ಕೆಷ್ಟು ಬಾರಿ ಲಂಡನ್‌ಗೆ ಬರುತ್ತೀರಿ ಎಂಬುದನ್ನು ಬಿಡದೆ ತುಂಬಿ.